ಬಾಂದುಕಲ್ಲಿನ ನೆನಪು: ಆಲ್ಬೇನಿಯದ ಭೂಹಂಚಿಕೆ, 1945–1995

ಆಲ್ಬೇನಿಯದ ಸಂಸತ್ತು 1991ರ ಜುಲೈ 19ರಂದು ಅಂಗೀಕರಿಸಿದ 7501ನೆಯ ಸಂಖ್ಯೆಯ ಭೂಮಿ ಕಾನೂನಿನ ಎಂಟನೆಯ ಕಲಮು ಅಸಾಧಾರಣವಾದುದು. ನೆಲವನ್ನು ಹಂಚುವಾಗ, ಸಾಮೂಹಿಕ ಬೇಸಾಯ ಬರುವುದಕ್ಕೆ ಮೊದಲು ಆ ನೆಲ ಯಾರದಾಗಿತ್ತು, ಎಷ್ಟಿತ್ತು, ಅದರ ಎಲ್ಲೆ ಯಾವುದಾಗಿತ್ತು ಎಂಬುದನ್ನು ಮಾನ್ಯ ಮಾಡತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ನೆಲವನ್ನು ಕೊಡುವ ಕಾನೂನುಗಳು ಚರಿತ್ರೆಯಲ್ಲಿ ಹೇರಳವಾಗಿವೆ. ಕೊಡುವುದರ ಜೊತೆಗೆ ಹಿಂದಿನದನ್ನು ಮರೆಯಬೇಕೆಂದು ಇಷ್ಟು ನೇರವಾಗಿ ವಿಧಿಸುವ ಕಾನೂನುಗಳು ವಿರಳ. ಈ ವಿಧಿಯನ್ನು ಹಳ್ಳಿಗಳು ಎಷ್ಟರಮಟ್ಟಿಗೆ ಪಾಲಿಸಿದವು, ಎಲ್ಲಿ ಸದ್ದಿಲ್ಲದೆ ಬದಿಗಿರಿಸಿದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪರಿವರ್ತನ ಕಾಲದ ಅರ್ಥವ್ಯವಸ್ಥೆಗಳ ಕುರಿತ ಬರವಣಿಗೆ ಹೆಚ್ಚಾಗಿ ಬೆಲೆ, ಸುಂಕ, ಸಹಾಯಧನಗಳ ಲೆಕ್ಕದಲ್ಲಿಯೇ ಮುಗಿಯುತ್ತದೆ. ಆಲ್ಬೇನಿಯದ ಮಟ್ಟಿಗೆ ಆ ಲೆಕ್ಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬದುವಿನದು.

ಆಲ್ಬೇನಿಯ 28,748 ಚದರ ಕಿಲೊಮೀಟರುಗಳ ಪುಟ್ಟ ದೇಶ. ಬಹುಭಾಗ ಬೆಟ್ಟಗುಡ್ಡ, ಸಾಗುವಳಿಗೆ ಬರುವ ನೆಲ ಸುಮಾರು 7 ಲಕ್ಷ ಹೆಕ್ಟೇರು. 1912ರವರೆಗೆ ಆಟೋಮನ್ ಆಳ್ವಿಕೆಗೆ ಒಳಪಟ್ಟಿದ್ದ ಈ ನಾಡಿನಲ್ಲಿ ಭೂ ಒಡೆತನದ ಎರಡು ಲೋಕಗಳು ಅಕ್ಕಪಕ್ಕದಲ್ಲಿ ಬಾಳಿದವು. ಮ್ಯುಝೆಚೆಯಂಥ ಕರಾವಳಿ ಬಯಲಿನಲ್ಲಿ ಬೇಗಳೆಂಬ ಜಮೀನುದಾರರ ವಿಶಾಲ ಹಿಡುವಳಿಗಳಿದ್ದವು. ಉಳುವವನು ಬೆಳೆಯ ಪಾಲನ್ನು ಒಡೆಯನಿಗೆ ಒಪ್ಪಿಸಿ ಉಳಿದುದರಲ್ಲಿ ಜೀವಿಸುತ್ತಿದ್ದನು. ಉತ್ತರದ ಮಲೆಸೀಮೆಯಲ್ಲಿ ಅಂಥ ಒಡೆಯರು ಅಪರೂಪ. ಅಲ್ಲಿ ಕುಲಗಳು, ಕುಲದೊಳಗಿನ ಮನೆಗಳು, ಮನೆಗೆ ಸೇರಿದ ತುಂಡು ಹೊಲಗಳು. ಇವೆಲ್ಲವನ್ನೂ ನಿಯಂತ್ರಿಸುತ್ತಿದ್ದುದು ಲೆಕ್ ದುಕಾಜಿನಿಯ ಹೆಸರಿನಲ್ಲಿ ಬಾಯಿಂದ ಬಾಯಿಗೆ ಬಂದ ಕನೂನ್ ಎಂಬ ಕಟ್ಟಳೆ. ಫ್ರಾನ್ಸಿಸ್ಕನ್ ಪಾದ್ರಿ ಶ್ತ್ಯೆಫೆನ್ ಜೆಚೋವಿ ಸಂಗ್ರಹಿಸಿದ ಈ ಕಟ್ಟಳೆಗಳು ಆತನ ಮರಣಾನಂತರ 1933ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಎಲ್ಲೆಯ ಕಲ್ಲನ್ನು ಅಲುಗಿಸುವುದನ್ನು ಈ ಕಟ್ಟಳೆ ಗೋರಿಯೊಳಗಿನ ಎಲುಬನ್ನು ಕದಲಿಸುವುದಕ್ಕೆ ಸಮನಾಗಿ ಕಾಣುತ್ತದೆ. ಮುಂದಿನ ವಿವೇಚನೆಗೆ ಇದು ಮುಖ್ಯವಾದುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕೆಂದು ವಿನಂತಿ.

ದೊರೆ ಝೋಗ್‌ನ ಕಾಲದಲ್ಲಿ, 1930ರಲ್ಲಿ, ಒಂದು ಭೂಸುಧಾರಣಾ ಕಾನೂನು ಬಂದಿತಾದರೂ ಅದು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. ನಿಜವಾದ ಪಲ್ಲಟ 1945ರ ಆಗಸ್ಟಿನದು. ಎನ್ವರ್ ಹೋಜಾನ ನಾಯಕತ್ವದ ಹೊಸ ಪ್ರಭುತ್ವ ಬೇಗಳ ಭೂಮಿಯನ್ನು ವಶಪಡಿಸಿಕೊಂಡು ಸುಮಾರು 70 ಸಾವಿರ ಕುಟುಂಬಗಳಿಗೆ ಹಂಚಿತು. ನೆಲ ದುಡಿಯುವವನದು ಎಂಬುದೇ ಅಂದಿನ ಘೋಷಣೆ. ಇದನ್ನು ಓದುವ ಕನ್ನಡಿಗರಿಗೆ ‘ಉಳುವವನೇ ಹೊಲದೊಡೆಯ’ ಎಂಬ ಮಾತು ತಾನಾಗಿ ನೆನಪಾಗುತ್ತದೆ. ಆದರೆ ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಕರ್ನಾಟಕದಲ್ಲಿ 1974ರಿಂದ ಜಾರಿಗೆ ಬಂದ ತಿದ್ದುಪಡಿಯಡಿ ಗೇಣಿದಾರನು ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಸಲ್ಲಿಸಿ, ತಾನು ಗೇಣಿದಾರನೆಂದು ಸಿದ್ಧಪಡಿಸಿ, ಹಕ್ಕನ್ನು ಪಡೆದನು. ಪಡೆದ ಹಕ್ಕು ಅವನಲ್ಲಿ ಉಳಿಯಿತು. ಆಲ್ಬೇನಿಯದ ರೈತನಿಗೆ ಆ ಒಡೆತನ ಹೆಚ್ಚು ಕಾಲ ದಕ್ಕಲಿಲ್ಲ. ಹಂಚಿಕೆಯಾದ ಮರುವರ್ಷವೇ, 1946ರಲ್ಲಿ, ಲುಶ್ನ್ಯದ ಸಮೀಪದ ಕ್ರುತ್ಯ ಎಂಬ ಹಳ್ಳಿಯಲ್ಲಿ ಮೊದಲ ಸಾಮೂಹಿಕ ಬೇಸಾಯ ಸಂಘ ಆರಂಭವಾಯಿತು. ಐವತ್ತರ ದಶಕದ ಉತ್ತರಾರ್ಧದಲ್ಲಿ ಬಯಲು ಸೀಮೆಯೂ 1967ರ ವೇಳೆಗೆ ಮಲೆಸೀಮೆಯೂ ಇಡಿಯಾಗಿ ಸಂಘಗಳ ವಶವಾದವು. ಸಾಗುವಳಿ ನೆಲದ ಸುಮಾರು ಕಾಲುಭಾಗ ಸರ್ಕಾರಿ ಬೇಸಾಯ ಕ್ಷೇತ್ರಗಳದಾಯಿತು. 1976ರ ಸಂವಿಧಾನ ಖಾಸಗಿ ಒಡೆತನವನ್ನು ಬಹುತೇಕ ಅಳಿಸಿ, ವಿದೇಶೀ ಸಾಲವನ್ನೂ ನಿಷೇಧಿಸಿತು. ಎಂಬತ್ತರ ದಶಕದ ಆರಂಭದಲ್ಲಿ ಹಿತ್ತಲಿನ ಕುರಿ ಮೇಕೆ ಹಸುಗಳನ್ನೂ ಸಂಘದ ಮಂದೆಗೆ ಸೇರಿಸಲಾಯಿತು. ಹಾಲು ಮಾಂಸಗಳ ತೀವ್ರ ಅಭಾವ ಆರಂಭವಾದುದು ಅಲ್ಲಿಂದ.

ಈ ಕಾಲವನ್ನು ಕೇವಲ ಕತ್ತಲೆಯೆಂದು ಬಣ್ಣಿಸುವುದು ಚರಿತ್ರಕಾರನಿಗೆ ಒಪ್ಪುವ ಮಾತಲ್ಲ. ಕೋರ್ಚ ಬಳಿಯ ಮಲೀಚ್‌ನ ಜೌಗು ಬತ್ತಿತು. ಬಯಲಿನ ಮಲೇರಿಯ ತಗ್ಗಿತು. ನೀರಾವರಿ ಕಾಲುವೆಗಳು ಬಂದವು. ಗುಡ್ಡಗಳ ಇಳಿಜಾರಿನಲ್ಲಿ ಮೆಟ್ಟಿಲು ಗದ್ದೆಗಳೂ ಆಲಿವ್ ತೋಪುಗಳೂ ಎದ್ದವು. ಅದೇ ಮಲೀಚ್‌ನ ಕಾಮಗಾರಿ ವಿಳಂಬವಾದುದಕ್ಕೆ 1946ರಲ್ಲಿ ಎಂಜಿನಿಯರುಗಳನ್ನು ದ್ರೋಹಿಗಳೆಂದು ವಿಚಾರಣೆಗೆ ಗುರಿಪಡಿಸಿ ಗಲ್ಲಿಗೇರಿಸಲಾಯಿತೆಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕಾಗುತ್ತದೆ.

1985ರಲ್ಲಿ ಹೋಜಾ ತೀರಿಕೊಂಡನು. 1990ರ ಡಿಸೆಂಬರಿನ ವಿದ್ಯಾರ್ಥಿ ಚಳವಳಿಯ ಫಲವಾಗಿ ಬಹುಪಕ್ಷ ಪದ್ಧತಿ ಬಂದಿತು. 1991ರ ಮಾರ್ಚ್ 31ರ ಚುನಾವಣೆಯಲ್ಲಿ ನಗರಗಳು ಹೊಸ ಡೆಮಾಕ್ರಟಿಕ್ ಪಕ್ಷದ ಕಡೆಗೆ ನಿಂತರೆ ಹಳ್ಳಿಗಳು ಹಳೆಯ ಕಾರ್ಮಿಕ ಪಕ್ಷವನ್ನೇ ಗೆಲ್ಲಿಸಿದವು; 250 ಸ್ಥಾನಗಳಲ್ಲಿ 169 ಅದರ ಪಾಲಾದವು. ಗ್ರಾಮೀಣರ ಹಿಂದುಳಿದ ಪ್ರಜ್ಞೆಯ ಫಲವಿದು ಎಂಬ ವ್ಯಾಖ್ಯಾನ ಆಗ ನಗರದ ಓದುಬಲ್ಲವರಲ್ಲಿ ಪ್ರಚಲಿತವಾಗಿತ್ತು. ಅದನ್ನು ನಾನು ಒಪ್ಪಲಾರೆ. ಬಯಲಿನ ರೈತನಿಗೆ ಬೇಗಳ ಕಾಲ ಅಜ್ಜನ ಬಾಯಿಂದ ಕೇಳಿದ ಹತ್ತಿರದ ಸಂಗತಿ. ಪ್ರಭುತ್ವ ಬದಲಾದರೆ ಒಡೆಯ ಮರಳಬಹುದೆಂಬ ಭಯ ಅವನಿಗೆ ಅಸಂಗತವಾಗಿರಲಿಲ್ಲ. ಬೇಸಗೆಯ ಸಾರ್ವತ್ರಿಕ ಮುಷ್ಕರದಿಂದ ಗೆದ್ದ ಪಕ್ಷದ ಸರ್ಕಾರ ಉರುಳಿ, ಯುಲಿ ಬುಫಿಯ ಸಮ್ಮಿಶ್ರ ಸರ್ಕಾರ ಬಂದಿತು. 7501ನೆಯ ಕಾನೂನು ಅದರ ಕೂಸು. ಸಂಘದ ನೆಲವನ್ನು ಸದಸ್ಯ ಕುಟುಂಬಗಳಿಗೆ ತಲೆಯೆಣಿಕೆಯ ಮೇಲೆ ಉಚಿತವಾಗಿ ಹಂಚುವುದು, ಹಂಚಿದ ನೆಲವನ್ನು ಮಾರುವಂತಿಲ್ಲ, ಹಳೆಯ ಎಲ್ಲೆಗಳಿಗೆ ಮಾನ್ಯತೆಯಿಲ್ಲ. ಎಂಟನೆಯ ಕಲಮು ಬಯಲಿನ ಭಯಕ್ಕೆ ಕೊಟ್ಟ ಉತ್ತರವೆಂದು ಓದಿದಾಗಲೇ ಅದರ ಅರ್ಥ ತಿಳಿಯಾಗುತ್ತದೆ.

ಕಾನೂನು ಬರುವುದಕ್ಕೆ ಮೊದಲೇ ಅನೇಕ ಹಳ್ಳಿಗಳಲ್ಲಿ ಸಂಘಗಳು ಕುಸಿದಿದ್ದವು. ರೈತರು ಕೊಟ್ಟಿಗೆ ಉಗ್ರಾಣಗಳ ಹೆಂಚು, ಇಟ್ಟಿಗೆ, ತೊಲೆಗಳನ್ನು ಹೊತ್ತೊಯ್ದರು. ನೀರೆತ್ತುವ ಪಂಪುಗಳನ್ನು ಬಿಚ್ಚಿದರು. ಹಣ್ಣಿನ ತೋಟಗಳನ್ನೂ ದ್ರಾಕ್ಷಿ ಬಳ್ಳಿಗಳನ್ನೂ ಕಡಿದರು. ವಿದೇಶೀ ವೀಕ್ಷಕರು ಇದನ್ನು ಅರಾಜಕತೆ ಎಂದು ದಾಖಲಿಸಿದ್ದಾರೆ. ಹೊಟ್ಟೆಯ ಹಸಿವೂ ಸೌದೆಯ ಅಗತ್ಯವೂ ಇದರಲ್ಲಿದ್ದುದು ನಿಜ. ಆದರೂ ತಾನು ಬೆವರು ಸುರಿಸಿ ನೆಟ್ಟ ಮರವನ್ನೇ ರೈತ ಕಡಿಯುವುದಕ್ಕೆ ಇಷ್ಟೇ ಕಾರಣವೆನ್ನಲಾಗದು. ಮರವಿದ್ದ ನೆಲವನ್ನು ಸಮಪಾಲು ಮಾಡುವುದು ಕಷ್ಟ. ಮರ ಯಾರ ಪಾಲಿಗೆ ಬೀಳುವುದೋ ತಿಳಿಯದು. ಮರ ನಿಂತಿರುವವರೆಗೆ ಸಂಘವೂ ನಿಂತಿದೆ ಎಂಬ ಶಂಕೆ ಬೇರೆ. ನೆಲ ಬರಿದಾದರೆ ಮಾತ್ರ ಹಂಚಿಕೆ ಖಚಿತ. ಫಲವಾಗಿ ಆ ಚಳಿಗಾಲ ದೇಶ ಬದುಕಿದುದು ಹೊರಗಿನ ನೆರವಿನಿಂದ. ಇಟಲಿಯ ಸೇನೆ ‘ಪೆಲಿಕನ್’ ಎಂಬ ಹೆಸರಿನಲ್ಲಿ 1991ರ ಸೆಪ್ಟೆಂಬರಿನಿಂದ 1993ರ ಕೊನೆಯವರೆಗೆ ಆಹಾರಧಾನ್ಯವನ್ನು ಹಂಚಿತು.

ಹಂಚಿಕೆಯ ಹೊಣೆ ಹಳ್ಳಿಯ ಭೂ ಸಮಿತಿಗಳದು. ಸಮಾನತೆಯನ್ನು ಅವು ಅಕ್ಷರಶಃ ಪಾಲಿಸಿದವು. ನೀರು ಹಾಯುವ ಹೊಲ, ಮಳೆಯಾಶ್ರಿತ ಹೊಲ, ಕಲ್ಲು ಬೀಳು, ಊರ ಹತ್ತಿರದ್ದು, ದೂರದ್ದು ಎಂದು ವಿಂಗಡಿಸಿ ಪ್ರತಿಯೊಂದು ವರ್ಗದಲ್ಲಿಯೂ ಪ್ರತಿ ಮನೆಗೆ ಒಂದೊಂದು ತುಣುಕು. ಇದರಿಂದ ಒಂದೂವರೆ ಹೆಕ್ಟೇರಿಗೂ ಕಡಿಮೆ, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಮೂರೂವರೆ ಎಕರೆಯ ಸರಾಸರಿ ಹಿಡುವಳಿಯೂ ಮೂರು, ನಾಲ್ಕು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಡೆ ಚದುರಿಹೋಯಿತು. ಪರಿಣತರು ಇದನ್ನು ಅದಕ್ಷತೆಯೆಂದು ಟೀಕಿಸುತ್ತಾರೆ; ಹಂಚಿಕೆಯ ವೇಳೆ ರಕ್ತಪಾತ ಎಷ್ಟು ತಪ್ಪಿತೆಂಬುದು ಅವರ ಕೋಷ್ಟಕಗಳಲ್ಲಿ ಬರುವುದಿಲ್ಲ. ‘ತಪಿ’ ಎಂಬ ಆಟೋಮನ್ ಕಾಲದ ಹೆಸರಿನಿಂದಲೇ ಜನ ಕರೆದ ಹಕ್ಕುಪತ್ರ ಮನೆಯ ಯಜಮಾನನ ಹೆಸರಿನಲ್ಲಿ ಬರೆಯಲ್ಪಟ್ಟಿತು. ತಲೆಯೆಣಿಕೆಯಲ್ಲಿ ಹೆಣ್ಣಿಗೂ ಪಾಲಿತ್ತು; ಪತ್ರದಲ್ಲಿ ಆಕೆಯ ಹೆಸರು ಕಾಣದಾಯಿತು.

ಮಲೆಸೀಮೆಯ ಕಥೆ ಬೇರೆ. ಅಲ್ಲಿ ಬೇಗಳಿರಲಿಲ್ಲವಾದ್ದರಿಂದ ಎಂಟನೆಯ ಕಲಮು ಉತ್ತರಿಸಬೇಕಾದ ಭಯವೂ ಇರಲಿಲ್ಲ. ಮೀರ್ದಿತ ಮೊದಲಾದ ಉತ್ತರದ ಪ್ರದೇಶಗಳಲ್ಲಿ ಎಷ್ಟೋ ಹಳ್ಳಿಗಳು ತಲೆಯೆಣಿಕೆಯನ್ನು ಬದಿಗಿರಿಸಿ ಅಜ್ಜಂದಿರ ಹೊಲಗಳಿಗೆ ಮರಳಿದವು. ತೊಂಬತ್ತರ ದಶಕದಲ್ಲಿ ಮೀರ್ದಿತದಲ್ಲಿ ಕ್ಷೇತ್ರಕಾರ್ಯ ನಡೆಸಿದ ಮಾನವಶಾಸ್ತ್ರಜ್ಞೆ ಕ್ಲಾರಿಸ್ಸಾ ಡಿ ವಾಲ್ ಅವರ ಬರಹಗಳು ಈ ಬಗೆಗೆ ಮೌಲಿಕವಾದುವು. ಸಾಮೂಹಿಕ ಬೇಸಾಯ ತಡವಾಗಿ ಬಂದ ಈ ಸೀಮೆಯಲ್ಲಿ ಎಲ್ಲೆಗಳನ್ನು ಕಣ್ಣಾರೆ ಕಂಡಿದ್ದ ಹಿರಿಯರು ಬದುಕಿದ್ದರು. ಕನೂನ್ ಬಾಂದುಕಲ್ಲಿಗೆ ಕೊಟ್ಟಿದ್ದ ಪಾವಿತ್ರ್ಯವನ್ನು ಕಾಲು ಶತಮಾನದ ಸಂಘಜೀವನ ಅಳಿಸಿರಲಿಲ್ಲ. ಆದರೆ ನೆನಪು ಎಲ್ಲರಿಗೂ ಏಕರೂಪವಾದುದಲ್ಲ. ಇಬ್ಬರು ಹಿರಿಯರ ನೆನಪಿನ ನಡುವೆ ಬಿದ್ದ ತುಂಡು ನೆಲಕ್ಕಾಗಿ ವ್ಯಾಜ್ಯಗಳೆದ್ದವು, ಕೆಲವೆಡೆ ಹಳೆಯ ರಕ್ತವೈರದ ಪದ್ಧತಿಯೂ ತಲೆಯೆತ್ತಿತು. ಹಲವು ಊರುಗಳಲ್ಲಿ ಜನರಿಗೆ ಎರಡು ಹೊಲಗಳಾದವು: ಕಾಗದದಲ್ಲಿ ಒಂದು, ಉಳುವುದು ಇನ್ನೊಂದು.

ಹಾಗಾದರೆ ಹಳೆಯ ಒಡೆಯರು ಏನಾದರು? ವ್ರಿಯೋನಿ ಮನೆತನದ ಯೂಸುಫ್ ವ್ರಿಯೋನಿಯ ಬಾಳು ಒಂದು ನಿದರ್ಶನ. ಭೂಮಾಲೀಕ ಪ್ರಧಾನಿಯೊಬ್ಬನ ಮಗನಾದ ಆತ 1947ರಲ್ಲಿ ಬಂಧಿತನಾಗಿ ವರ್ಷಗಟ್ಟಲೆ ಸೆರೆವಾಸ ಅನುಭವಿಸಿ, ಮುಂದೆ ಇಸ್ಮಾಯಿಲ್ ಕದರೆಯ ಕಾದಂಬರಿಗಳನ್ನು ಫ್ರೆಂಚಿಗೆ ತಂದನು; ಕದರೆ ಜಗತ್ತಿಗೆ ಪರಿಚಿತನಾದುದು ಬಹುಪಾಲು ಈತನ ಮೂಲಕ. ಅಂಥ ಅದೃಷ್ಟವಿಲ್ಲದ ಕುಟುಂಬಗಳು ಲುಶ್ನ್ಯದ ಗಡೀಪಾರು ಶಿಬಿರಗಳಲ್ಲಿ, ಸರ್ಕಾರಿ ಕ್ಷೇತ್ರಗಳ ಕೂಲಿಗಳಾಗಿ ದಿನ ದೂಡಿದವು. 1993ರ ಏಪ್ರಿಲಿನಲ್ಲಿ ಮಾಜಿ ಒಡೆಯರ ಪರವಾದ ಕಾನೂನು ಬಂದಿತಾದರೂ ಹಂಚಿಹೋದ ಸಾಗುವಳಿ ನೆಲಕ್ಕೆ ಅವರಿಗೆ ದೊರೆತುದು ಪರಿಹಾರದ ಭರವಸೆ ಮಾತ್ರ.

ಎಸ್ಟೋನಿಯವನ್ನು ಇಲ್ಲಿ ಎದುರಿಗಿಟ್ಟು ನೋಡಬಹುದು. ಅದೇ 1991ರ ಅಕ್ಟೋಬರಿನ ಕಾನೂನಿನ ಮೂಲಕ ಆ ದೇಶ 1940ರ ಜೂನ್ 16ರ ಹಿಂದಿನ ಒಡೆಯರಿಗೂ ಅವರ ವಾರಸುದಾರರಿಗೂ ನೆಲವನ್ನು ಮರಳಿಸಿತು. ನೆನಪೇ ಅಲ್ಲಿ ಕಾನೂನಾಯಿತು. ಇದು ಸಾಧ್ಯವಾದುದೇಕೆಂದರೆ 1919ರಲ್ಲಿಯೇ ಜರ್ಮನ್ ಜಮೀನುದಾರರ ಎಸ್ಟೇಟುಗಳು ಒಡೆದು ಸಾಮಾನ್ಯ ರೈತರ ಹಿಡುವಳಿಗಳಾಗಿದ್ದವು. ಮರಳಿಸಿದಾಗ ಮರಳಿದುದು ರೈತರ ಮೊಮ್ಮಕ್ಕಳಿಗೆ. ಹಿಂದಿನ ಹಂಚಿಕೆ ಸಮನಾಗಿದ್ದಲ್ಲಿ ಮರಳಿಕೆ, ವಿಷಮವಾಗಿದ್ದಲ್ಲಿ ಮರುಹಂಚಿಕೆ ಎಂಬ ವಾದವನ್ನು ಯೋಹಾನ್ ಸ್ವಿನೆನ್ ಮುಂದಿಟ್ಟಿದ್ದಾರೆ. ವಾದ ದೇಶಗಳ ಮಟ್ಟದಲ್ಲಿ ಸರಿ. ಆಲ್ಬೇನಿಯದ ಬಯಲೂ ಬೆಟ್ಟವೂ ತೋರಿಸುವಂತೆ ಅದು ಒಂದೇ ದೇಶದ ಒಳಗೂ ಅನ್ವಯಿಸುತ್ತದೆ. ಈ ಅಂಶಕ್ಕೆ ಸಿಕ್ಕಬೇಕಾದಷ್ಟು ಗಮನ ಸಿಕ್ಕಿಲ್ಲವೆಂದು ನನ್ನ ಎಣಿಕೆ.

ಆರ್ಥಿಕ ಫಲಿತಾಂಶವನ್ನು ಸಂಕ್ಷೇಪವಾಗಿ ಹೇಳಬಹುದು. 1992ರಿಂದ ಉತ್ಪಾದನೆ ವೇಗವಾಗಿ ಚೇತರಿಸಿಕೊಂಡಿತು. ಗೋಧಿಯ ವಿಸ್ತಾರ ಕುಗ್ಗಿ ಮೇವಿನ ಬೆಳೆ ಹೆಚ್ಚಿತು; ಮನೆಗೊಂದೆರಡು ಹಸು ಬಂದವು; ಹಾಲು, ಗಿಣ್ಣು, ತರಕಾರಿಗಳು ಮೊದಲು ಮನೆಗೆ, ಉಳಿದುದು ಸಂತೆಗೆ. ಸಾಲ ಕೊಡುವ ಸಂಸ್ಥೆಗಳಿರಲಿಲ್ಲ; ಗ್ರೀಸ್ ಇಟಲಿಗಳಿಗೆ ಹೋದ ಮಕ್ಕಳು ಕಳಿಸಿದ ಹಣವೇ ಬಂಡವಾಳ. ಆ ಹಣವನ್ನು ದುಪ್ಪಟ್ಟು ಮಾಡಿಕೊಡುವ ಆಮಿಷದ ಕಂಪನಿಗಳು 1996ರಲ್ಲಿ ಹಳ್ಳಿಗಳನ್ನೂ ತಲುಪಿದಾಗ ದನಕರುಗಳನ್ನು ಮಾರಿ ಹಣ ತೊಡಗಿಸಿದ ರೈತರಿದ್ದರು. 1997ರ ಆರಂಭದಲ್ಲಿ ಅವು ಕುಸಿದಾಗ ದೇಶವೇ ಹೊತ್ತಿ ಉರಿಯಿತು. ನೆಲದ ಮಾರಾಟಕ್ಕೆ 1995ರಲ್ಲಿ ಅನುಮತಿ ದೊರೆತಿತ್ತಾದರೂ ಹಕ್ಕು ಸಂದಿಗ್ಧವಾಗಿದ್ದ ಹೊಲವನ್ನು ಕೊಳ್ಳುವವರು ವಿರಳರಾಗಿದ್ದರು. ಅಷ್ಟರಮಟ್ಟಿಗೆ ಹಳೆಯ ನಿಷೇಧದ ಕೆಲಸವನ್ನು ಸಂದಿಗ್ಧ ಹಕ್ಕೇ ಮುಂದುವರಿಸಿತೆನ್ನಬೇಕು.

ಎಂಟನೆಯ ಕಲಮಿನ ವ್ಯಾಜ್ಯ ಮಾತ್ರ ಮುಗಿಯಲಿಲ್ಲ. ಮಾಜಿ ಒಡೆಯರಿಗೆ ಮಂಜೂರಾದ ಪರಿಹಾರವನ್ನು ಕೊಡದಿರುವ ಬಗೆಗೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರ ಜುಲೈನಲ್ಲಿ ಆಲ್ಬೇನಿಯದ ವಿರುದ್ಧ ತೀರ್ಪಿತ್ತಿತು. 2015ರ ಕಾನೂನು, ವಶಪಡಿಸಿಕೊಂಡ ಕಾಲದಲ್ಲಿ ನೆಲ ಯಾವ ವರ್ಗಕ್ಕೆ ಸೇರಿತ್ತೋ ಅದರ ಆಧಾರದ ಮೇಲೆ ಪರಿಹಾರವನ್ನು ನಿಗದಿಪಡಿಸಿತು. ಜೌಗಾಗಿದ್ದುದು ಇಂದು ಕಡಲತೀರದ ನಿವೇಶನವಾಗಿದ್ದರೂ ಬೆಲೆ ಜೌಗಿನದೇ. 1991ರ ಹಕ್ಕುಪತ್ರಗಳಲ್ಲಿನ ತಪ್ಪುಗಳನ್ನು ತಿದ್ದಿ ನೋಂದಣಿಯನ್ನು ಪೂರ್ಣಗೊಳಿಸಲು 2020ರಲ್ಲಿ ಮತ್ತೊಂದು ಕಾನೂನನ್ನು ತರಬೇಕಾಯಿತು. 1989ರಲ್ಲಿ 32 ಲಕ್ಷದ ಸಮೀಪವಿದ್ದ ಜನಸಂಖ್ಯೆ 2023ರ ಗಣತಿಯಲ್ಲಿ 24 ಲಕ್ಷಕ್ಕೆ ಇಳಿದಿದೆ. ಹೊಲದ ಒಡೆಯ ಅಥೆನ್ಸಿನಲ್ಲೋ ಮಿಲಾನಿನಲ್ಲೋ ಇದ್ದಾನೆ. ಊರಲ್ಲುಳಿದ ದಾಯಾದಿ ಅಥವಾ ನೆರೆಯವನು ಆ ತುಣುಕನ್ನು ಉಳುತ್ತಾನೆ. ಗೇಣಿಯ ಕರಾರನ್ನು ಹೆಚ್ಚಿನವರು ಬರೆದುಕೊಳ್ಳುವುದಿಲ್ಲ. ಬರೆದುಕೊಟ್ಟರೆ ನೆಲ ಎಲ್ಲಿ ಕೈತಪ್ಪುವುದೋ ಎಂದು ದೂರದಲ್ಲಿರುವವನಿಗೆ ಅಂಜಿಕೆ.