ಟಿರೆಟ್ಟಾ ಬಜಾರಿನ ಬೆಳಗಿನ ತಿಂಡಿ

ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು, ಮನೆಯವರೆಲ್ಲ ಮಲಗಿರುವಾಗಲೇ ತಿಂಡಿ ತಿನ್ನಲು ಹೊರಡುವ ಹುಚ್ಚು ನನಗೆ ಹತ್ತಿದ್ದು ಕಲ್ಕತ್ತೆಗೆ ಬಂದ ಮೇಲೆ. 1986ರಲ್ಲಿ ಬ್ಯಾಂಕಿನ ವರ್ಗಾವಣೆಯ ಕಾಗದ ಹಿಡಿದು ಹೌರಾ ಸ್ಟೇಷನ್ನಿನಲ್ಲಿ ಇಳಿದಾಗ, "ಮೂರೇ ವರ್ಷ, ಆಮೇಲೆ ಊರಿಗೆ ವಾಪಸ್" ಅಂತ ಕುಂದಾಪುರದಲ್ಲಿ ಅಮ್ಮನಿಗೆ ಮಾತು ಕೊಟ್ಟು ಬಂದಿದ್ದೆ. ಆ ಮೂರು ವರ್ಷ ಇನ್ನೂ ಮುಗಿದಿಲ್ಲ ಬಿಡಿ.

ಆಗ ನಾನಿದ್ದದ್ದು ಬೌಬಜಾರಿನ ಒಂದು ಬಾಡಿಗೆ ಕೋಣೆಯಲ್ಲಿ. ಇಡ್ಲಿ ಸಿಗದ ಊರಿನಲ್ಲಿ ಬೆಳಿಗ್ಗೆ ಏನು ತಿನ್ನುವುದು ಅನ್ನುವುದೇ ದೊಡ್ಡ ಪ್ರಶ್ನೆ. ದಿನಾ ಲೂಚಿ ತಿಂದು ಸಾಕಾಗಿದ್ದ ನನ್ನನ್ನು ಬಂಗಾಳಿ ಸಹೋದ್ಯೋಗಿಯೊಬ್ಬರು ಒಂದು ಭಾನುವಾರ, "ನಡೀರಿ, ನಿಮಗೆ ಹಬೆಯಲ್ಲಿ ಬೇಯಿಸಿದ್ದೇ ಬೇಕು ತಾನೆ?" ಎಂದು ಕರೆದುಕೊಂಡು ಹೋದರು. ಲಾಲ್‌ಬಜಾರಿನ ಪೊಲೀಸ್ ಕೇಂದ್ರ ದಾಟಿ ಪೊದ್ದಾರ್ ಕೋರ್ಟ್ ಕಟ್ಟಡದ ಹಿಂದೆ ತಿರುಗಿದರೆ ಟಿರೆಟ್ಟಾ ಬಜಾರ್. ರಸ್ತೆಯ ಅಂಚಿನಲ್ಲಿ ಸಾಲಾಗಿ ಅಲ್ಯೂಮಿನಿಯಂ ಹಬೆಪಾತ್ರೆಗಳು. ಮುಚ್ಚಳ ತೆಗೆದ ಕೂಡಲೇ ಮುಖಕ್ಕೆ ಬಡಿದ ಹಬೆ ನಮ್ಮ ಅಡುಗೆಮನೆಯದ್ದೇ ಅನ್ನಿಸಿ ನಿಂತುಬಿಟ್ಟೆ.

ಸ್ವಲ್ಪ ಒಳಗೆ ನಾಲ್ಕೇ ಮೇಜಿನ ಒಂದು ಪುಟ್ಟ ಹೋಟೆಲಿತ್ತು. ನಡೆಸುತ್ತಿದ್ದವರು ಕ್ಯಾಂಟನ್ ಮೂಲದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಮಾಶಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೀನಿನ ಉಂಡೆ ತೇಲುವ ಸಾರು, ತಲೆ ತೆರೆದಿಟ್ಟ ಚೀಲದಂಥ ಸೂಯಿ ಮಾಯ್, ಒಳಗೆ ಮಾಂಸ ತುಂಬಿದ ಬಿಳೀ ಬನ್ನು. ನನಗೆ ಇಷ್ಟವಾದದ್ದು ಹಾರ್ ಗಾವ್. ಗೋಧಿಯ ಪಿಷ್ಟದಿಂದ ಮಾಡಿದ ತೆಳ್ಳಗಿನ ಹೊದಿಕೆಯ ಮೂಲಕ ಒಳಗಿನ ಸೀಗಡಿ ಕೆಂಪಗೆ ಕಾಣುತ್ತದೆ. ಚೌತಿಯ ಕಡುಬಿನ ಹಾಗೇ ಅಂಚು ಮಡಿಚಿದ್ದು, ಆದರೆ ಒಳಗೆ ಕಾಯಿಬೆಲ್ಲದ ಬದಲು ಎಟ್ಟಿ! ಅಮ್ಮನಿಗೆ ಪತ್ರದಲ್ಲಿ ಬರೆದಿದ್ದೆ. ಅಮ್ಮ ಉತ್ತರದಲ್ಲಿ ಆ ವಿಷಯವನ್ನೇ ಎತ್ತಲಿಲ್ಲ.

ಡಿಮ್ ಸಮ್ ಅನ್ನುವ ಮಾತಿನಲ್ಲಿರುವ ಎರಡು ಅಕ್ಷರಗಳಿಗೆ ‘ಮುಟ್ಟು’ ಮತ್ತು ‘ಹೃದಯ’ ಎಂದರ್ಥ. ಹೊಟ್ಟೆ ತುಂಬಾ ಉಣ್ಣುವುದಲ್ಲ, ಹಸಿವಿಗೆ ಒಂದಿಷ್ಟು ತಾಗಿಸುವುದು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ತಿನ್ನಲು ಹೋಗುವುದಕ್ಕೆ ಕ್ಯಾಂಟನಿನವರು ‘ಯಮ್ ಚಾ’ ಅನ್ನುತ್ತಾರೆ, ಅಂದರೆ ಚಹಾ ಕುಡಿಯುವುದು. ನಾವು "ಕಾಫಿಗೆ ಬನ್ನಿ" ಅಂತ ಕರೆದು ಉಪ್ಪಿಟ್ಟು, ಕೇಸರಿಬಾತ್ ಬಡಿಸುತ್ತೇವಲ್ಲ, ಹಾಗೆ. 19ನೇ ಶತಮಾನದಲ್ಲಿ ಕ್ಯಾಂಟನಿನ, ಅಂದರೆ ಇಂದಿನ ಗ್ವಾಂಗ್‌ಝೌ ನಗರದ, ಚಹಾದಂಗಡಿಗಳಲ್ಲಿ ಬೆಳೆದ ಪದ್ಧತಿ ಇದು. ‘ಒಂದು ಬಟ್ಟಲು ಚಹಾ, ಎರಡು ತಿಂಡಿ’ ಎಂಬುದು ಅಲ್ಲಿನ ಹಳೆಯ ಲೆಕ್ಕ. ಚಹಾ ಸುರಿದವರಿಗೆ ಮೇಜಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ ಧನ್ಯವಾದ ಹೇಳುತ್ತಾರೆ. ಮಾಶಿ ನನಗೆ ಮೊದಲು ಕಲಿಸಿದ್ದು ಅದನ್ನೇ.

ಇರಲಿ, ಇವರು ಇಲ್ಲಿಗೆ ಬಂದದ್ದು ಹೇಗೆ? 1757ರಿಂದ 1842ರವರೆಗೆ ಯುರೋಪಿನ ವ್ಯಾಪಾರಿ ಹಡಗುಗಳಿಗೆ ಚೀನಾದಲ್ಲಿ ತೆರೆದಿದ್ದ ಬಂದರು ಕ್ಯಾಂಟನ್ ಒಂದೇ. ಬಂಗಾಳದಿಂದ ಅಲ್ಲಿಗೆ ಅಫೀಮು ಹೋಗುತ್ತಿತ್ತು, ಅಲ್ಲಿಂದ ಇಂಗ್ಲೆಂಡಿಗೆ ಚಹಾ. ಹಡಗು ಓಡಾಡುವ ದಾರಿಯಲ್ಲಿ ಜನರೂ ಓಡಾಡುತ್ತಾರೆ. 1778ರ ಸುಮಾರಿಗೆ ಟಾಂಗ್ ಅಚ್ಯೂ ಎಂಬಾತ ವಾರನ್ ಹೇಸ್ಟಿಂಗ್ಸ್‌ನಿಂದ ಬಜ್‌ಬಜ್ ಹತ್ತಿರ ಜಮೀನು ಪಡೆದು ಕಬ್ಬು ಬೆಳೆಸಿದ, ಸಕ್ಕರೆ ಮಾಡಿದ. ಆ ಊರಿಗೆ ಈಗಲೂ ಅಚಿಪುರ ಎಂದೇ ಹೆಸರು. ಹೂಗ್ಲಿ ದಡದಲ್ಲಿ ಕುದುರೆ ಲಾಳದ ಆಕಾರದ ಅವನ ಕೆಂಪು ಸಮಾಧಿ ಇದೆ. ಚೀನೀ ಹೊಸ ವರ್ಷ ಕಳೆದ ಮೇಲೆ ಕಲ್ಕತ್ತೆಯ ಚೀನೀಯರು ಅಲ್ಲಿಗೆ ಹೋಗಿ ಕೈಮುಗಿದು ಬರುತ್ತಾರೆ.

ಆಮೇಲೆ ಬಂದವರು ಊರೂರಿಗೆ ಒಂದೊಂದು ಕಸುಬು ಹಂಚಿಕೊಂಡರು. ಕ್ಯಾಂಟನ್ ಕಡೆಯವರು ಬಡಗಿಗಳು. ಹಡಗುಕಟ್ಟೆಯಲ್ಲಿ ಅವರ ಕೆಲಸಕ್ಕೆ ಭಾರೀ ಬೇಡಿಕೆ. ಹಕ್ಕಾ ಜನ ಬೆಂಟಿಂಕ್ ಬೀದಿಯಲ್ಲಿ ಜೋಡು ಹೊಲಿದರು, ಟಾಂಗ್ರಾದಲ್ಲಿ ತೊಗಲು ಹದ ಮಾಡಿದರು. ಹುಬೇ ಕಡೆಯವರು ಹಲ್ಲಿನ ವೈದ್ಯರಾದರು. ಊರಿನ ಹೆಸರಿನಲ್ಲಿ ಸಂಘ, ಸಂಘಕ್ಕೊಂದು ಗುಡಿ. ಇಲ್ಲಿಯ ಜನ ಆ ಗುಡಿಗಳನ್ನು ‘ಚೀನೀ ಚರ್ಚು’ ಅನ್ನುತ್ತಾರೆ! ಮಾಶಿಯ ಹೋಟೆಲಿನಿಂದ ಕೂಗಳತೆಯಲ್ಲಿದ್ದ ಸೀ ಇಪ್ ಗುಡಿಯ ಈಗಿನ ಕಟ್ಟಡ 1905ರದ್ದು, ಒಳಗೆ ಕರುಣೆಯ ದೇವತೆ ಗ್ವಾನ್‌ಯಿನ್. ‘ಸೀ ಇಪ್’ ಅಂದರೆ ನಾಲ್ಕು ತಾಲ್ಲೂಕು ಎಂದಿಟ್ಟುಕೊಳ್ಳಿ. ಮುಂಬಯಿಯ ಮಝಗಾಂವ್‌ನಲ್ಲೂ ಇದೇ ನಾಲ್ಕು ತಾಲ್ಲೂಕಿನವರ ಗುಡಿ ಇದೆ. ನಮ್ಮ ಕರಾವಳಿಯವರು ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದ್ದು 1902ರಲ್ಲಿ. ಪರವೂರಿಗೆ ಹೋದವನು ಮೊದಲು ಹುಡುಕುವುದು ತನ್ನ ಊರಿನವನನ್ನು, ಆಮೇಲೆ ತನ್ನ ಊರಿನ ತಿಂಡಿಯನ್ನು.

ಬಂಗಾಳದಲ್ಲಿ ಹೊಸಬರನ್ನು ಕಂಡರೆ ಕೇಳುವ ಪ್ರಶ್ನೆಯೊಂದಿದೆ: "ದೇಶ್ ಕೋಥಾಯ್?" ನಿಮ್ಮ ಮೂಲ ಊರು ಯಾವುದು ಅಂತ. ಮಾಶಿ ನನ್ನನ್ನು ಕೇಳಿದಾಗ ತಡವರಿಸದೆ ಕುಂದಾಪುರ ಅಂದೆ. ಅದೇ ಮಾತಿನ ಭರದಲ್ಲಿ ನಾನೂ ತಿರುಗಿ ಅವರನ್ನು ಕೇಳಿಬಿಟ್ಟೆ. ಅವರು ಹಬೆಪಾತ್ರೆಯ ಮುಚ್ಚಳ ಹಾಕಿ "ಏಖಾನೇ" ಅಂದರು. ಇಲ್ಲೇ. ಅಷ್ಟೇ ಹೇಳಿ ಒಳಗೆ ಹೋದರು. ಏನು ತಪ್ಪು ಮಾಡಿದೆ ಅಂತ ನನಗೆ ಗೊತ್ತಾಗಲಿಲ್ಲ. ಗೊತ್ತಾಗಲು ಎರಡು ವರ್ಷ ಹಿಡಿಯಿತು.

1962ರ ಅಕ್ಟೋಬರ್ 20ರಂದು ಯುದ್ಧ ಶುರುವಾಯಿತು, ನವೆಂಬರ್ 21ರಂದು ನಿಂತಿತು. ಗಡಿಯಲ್ಲಿ ಒಂದು ತಿಂಗಳ ಯುದ್ಧ. ಇವರ ಪಾಲಿಗೆ ಅದು ಐದು ವರ್ಷ ನಡೆಯಿತು. ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯಿಂದ ಸುಮಾರು 3000 ಚೀನೀ ಮೂಲದವರನ್ನು, ಮಕ್ಕಳು ಮುದುಕರೆನ್ನದೆ, ರೈಲಿಗೆ ಹತ್ತಿಸಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಕಳಿಸಿದರು. ಅವರಲ್ಲಿ ಇಲ್ಲೇ ಹುಟ್ಟಿದವರು ಬೇಕಾದಷ್ಟು ಮಂದಿ. ವಿಚಾರಣೆ ಇಲ್ಲ, ಆರೋಪಪಟ್ಟಿ ಇಲ್ಲ. 1963ರಲ್ಲಿ ಚೀನಾ ಕಳಿಸಿದ ಹಡಗುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಮದ್ರಾಸಿನಿಂದ ಹೊರಟುಹೋದರು. ಉಳಿದವರಲ್ಲಿ ಕೊನೆಯವರ ಬಿಡುಗಡೆ ಆದದ್ದು 1967ರಲ್ಲಿ. ವಾಪಸ್ ಬಂದವರಲ್ಲಿ ಎಷ್ಟೋ ಜನರ ಮನೆ, ಅಂಗಡಿ ಹರಾಜಾಗಿ ಹೋಗಿತ್ತು. ಕಲ್ಕತ್ತೆಯವರಿಗೆ ಊರು ಬಿಟ್ಟು ಹೋಗಲು ಪೊಲೀಸರ ಅನುಮತಿ ಬೇಕಿತ್ತು. ಮಾಶಿಯ ಚಿಕ್ಕಮ್ಮನ ಮನೆಯವರು ದೇವಲಿಗೆ ಹೋದವರು. "ಅಪ್ಪ ಬಾಗಿಲು ಹಾಕಿ ರಾತ್ರಿಯೇ ಬಡಗಿ ಕೆಲಸ ಮಾಡುತ್ತಿದ್ದ. ಸುತ್ತಿಗೆಗೆ ಬಟ್ಟೆ ಸುತ್ತಿ" ಅಂದರು, ಒಂದು ಮಳೆಯ ಬೆಳಿಗ್ಗೆ, ಗಿರಾಕಿಗಳಿಲ್ಲದಾಗ.

ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪ. ಅವರದ್ದು ಮುಂಬಯಿಯಲ್ಲಿ ಒಂದು ಉಡುಪಿ ಹೋಟೆಲು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರು ಹೊರಟುಹೋಗಲಿ ಎಂಬ ಗಲಾಟೆ ಎದ್ದಾಗ ಗಾಜಿನ ಕಪಾಟಿಗೆ ಕಲ್ಲು ಬಿತ್ತು. ದೊಡ್ಡಪ್ಪ ಮೂರು ದಿನ ಶಟರ್ ಎಳೆದು, ನಾಲ್ಕನೇ ದಿನ ಮತ್ತೆ ಇಡ್ಲಿ ಬೇಯಿಸಿದರು. ಈ ಕಥೆಯನ್ನು ಮಾಶಿಗೆ ಹೇಳಿದೆ, ‘ನಾವೂ ನಿಮ್ಮ ಹಾಗೇ’ ಅನ್ನುವ ಧಾಟಿಯಲ್ಲಿ. ಅವರು ನಕ್ಕು, "ನಿನ್ನ ದೊಡ್ಡಪ್ಪನಿಗೆ ಸಾಕಾದರೆ ಹೋಗಲು ಒಂದು ಊರಿತ್ತು" ಅಂದರು. ಅವತ್ತಿನಿಂದ ನಾನು ಆ ಹೋಲಿಕೆ ಮಾಡುವುದನ್ನು ಬಿಟ್ಟೆ.

ಒಂದು ಕಾಲಕ್ಕೆ ಕಲ್ಕತ್ತೆಯಲ್ಲಿ 20,000ದಷ್ಟು ಚೀನೀಯರಿದ್ದರಂತೆ. ಈಗ ಎರಡು ಸಾವಿರದ ಆಸುಪಾಸು ಅನ್ನುತ್ತಾರೆ. ಟಾಂಗ್ರಾದ ಚರ್ಮದ ಕಾರ್ಖಾನೆಗಳನ್ನು ಸ್ಥಳಾಂತರಿಸಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿಯ ಹಕ್ಕಾ ಮನೆಗಳು ಇನ್ನಷ್ಟು ಖಾಲಿಯಾದವು. ಮಕ್ಕಳು ಟೊರಾಂಟೊ ಸೇರಿದರು. ಮಾಶಿಯ ಮಗನೂ.

ತಮಾಷೆ ನೋಡಿ, ಅವರ ಅಡುಗೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಕಲ್ಕತ್ತೆಯ ಚೀನೀ ಕುಟುಂಬದಲ್ಲಿ ಹುಟ್ಟಿದ ನೆಲ್ಸನ್ ವಾಂಗ್, 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಮಾಡಿದ್ದು ತಾನೇ ಎಂದಿದ್ದಾರೆ. ಅದರ ಕೋಳಿ ಹೋಗಿ ಹೂಕೋಸು ಬಂತು, ನಮ್ಮ ಊರಿನ ಜಾತ್ರೆಗಳಲ್ಲಿ ಗೋಬಿ ಮಂಚೂರಿಯಾಯಿತು. 2024ರ ಮಾರ್ಚಿನಲ್ಲಿ ಅದಕ್ಕೆ ಕೃತಕ ಬಣ್ಣ ಹಾಕಬಾರದೆಂದು ಕರ್ನಾಟಕ ಸರ್ಕಾರವೇ ಆಜ್ಞೆ ಹೊರಡಿಸಬೇಕಾಯಿತು! ತಿಂಡಿಗೆ ಯಾರೂ "ದೇಶ್ ಕೋಥಾಯ್" ಅಂತ ಕೇಳುವುದಿಲ್ಲ.

ಮಾಶಿಯ ಹೋಟೆಲು ಮುಚ್ಚಿ ವರ್ಷಗಳಾದವು. ಮಾಶಿಯೂ ಇಲ್ಲ. ಟೊರಾಂಟೊಗೆ ಬಾ ಎಂದು ಮಗ ಎಷ್ಟು ಕರೆದರೂ ಹೋಗದೆ ಇಲ್ಲೇ ತೀರಿಕೊಂಡರು. ಟಿರೆಟ್ಟಾದಲ್ಲಿ ಬೆಳಗಿನ ಹಬೆ ಈಗಲೂ ಏಳುತ್ತದೆ, ಆದರೆ ಪಾತ್ರೆಗಳ ಹಿಂದೆ ಚೀನೀ ಮುಖಗಳು ಕಡಿಮೆ. ಕಳೆದ ಸಲ ಹೋದಾಗ ಸೂಯಿ ಮಾಯ್ ಕೊಟ್ಟವನು ಬಿಹಾರದ ಕಡೆಯ ಹುಡುಗ. ರುಚಿ ಚೆನ್ನಾಗಿಯೇ ಇತ್ತು. ಚಹಾ ಸುರಿದಾಗ ಅಭ್ಯಾಸಬಲದಿಂದ ಬೆರಳು ತಟ್ಟಿದೆ. ಅವನಿಗೆ ಅರ್ಥವಾಗಲಿಲ್ಲ, ಇನ್ನೂ ಬೇಕೇನೋ ಅಂದುಕೊಂಡು ಮತ್ತಷ್ಟು ಸುರಿದ. ಆಮೇಲೆ ನನ್ನ ಬಂಗಾಳಿಯ ರಾಗ ಕೇಳಿ, "ದಾದಾ, ದೇಶ್ ಕೋಥಾಯ್?" ಅಂದ.

ಸುಮಾರು ನಲವತ್ತು ವರ್ಷದ ಹಿಂದೆ ಥಟ್ಟನೆ ಬಂದಿದ್ದ ಉತ್ತರ ಈಗ ಬಾಯಿಗೆ ಬರಲಿಲ್ಲ. ಅಮ್ಮ ಹೋದ ಮೇಲೆ ಕುಂದಾಪುರದ ಮನೆಗೆ ಬೀಗ ಬಿದ್ದಿದೆ. ಆದರೆ "ಏಖಾನೇ" ಅನ್ನಲು ಮಾಶಿಯಷ್ಟು ಬೆಲೆ ನಾನು ತೆತ್ತಿಲ್ಲ. ಸುಮ್ಮನೆ ನಕ್ಕು, ಇನ್ನೊಂದು ಪ್ಲೇಟ್ ಕೊಡು ಅಂದೆ.

ಊರು ಬಿಟ್ಟು ದಶಕಗಳಾದ ನೀವು ಈ ಪ್ರಶ್ನೆಗೆ ಏನನ್ನುತ್ತೀರಿ?