ಮುಟ್ಟದೇ ಬಿಟ್ಟ ಇಲಿಮರಿಗಳು: ಕಾರ್ಟಿಸಾಲ್ ಕಥೆಯ ಹಿಂದಿನ ಕಥೆ

(1/4)
ಈಗ ಎಲ್ಲಿ ನೋಡಿದ್ರೂ ಕಾರ್ಟಿಸಾಲ್. ಮುಖ ಊದಿದ್ರೆ ಕಾರ್ಟಿಸಾಲ್, ನಿದ್ದೆ ಬರದಿದ್ರೆ ಕಾರ್ಟಿಸಾಲ್, ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂದ್ರೂ ಕಾರ್ಟಿಸಾಲ್. ಅದನ್ನ ಇಳಿಸ್ತೀವಿ ಅಂತ ಪುಡಿ ಮಾರೋರೂ ಇದಾರೆ. ಪಾಪ, ಆ ಹಾರ್ಮೋನ್ ಇಲ್ದಿದ್ರೆ ನಾವು ಬದುಕೋದೇ ಕಷ್ಟ. ಬೆಳಗ್ಗೆ ನಮ್ಮನ್ನ ಎಬ್ಬಿಸಿ ನಿಲ್ಲಿಸೋದ್ರಲ್ಲಿ ಅದರ ಪಾಲಿದೆ, ಕಷ್ಟದ ಹೊತ್ತಲ್ಲಿ ರಕ್ತಕ್ಕೆ ಸಕ್ಕರೆ ಒದಗಿಸೋದೂ ಅದೇ. ತೊಂದರೆ ಇರೋದು ಅದು ಏರೋದ್ರಲ್ಲಿ ಅಲ್ಲ, ಏರಿದ್ದು ಇಳೀದೇ ಇರೋದ್ರಲ್ಲಿ. ಈ ವಾರದ ಕಥೆ ಆ ಬ್ರೇಕ್ ಬಗ್ಗೆ. ಅದು ಯಾವಾಗ, ಹೇಗೆ ಹೊಂದಿಕೊಳ್ಳುತ್ತೆ ಅಂತ ಬಿಡಿಸೋಕೆ ವಿಜ್ಞಾನಿಗಳಿಗೆ ಹತ್ತಿರ ಹತ್ತಿರ ಐವತ್ತು ವರ್ಷ ಹಿಡೀತು.

ಮೊದಲ ಫೋಟೊದಲ್ಲಿರೋದು ಹಾನ್ಸ್ ಸೆಲ್ಯೆ. ವಿಯೆನ್ನಾದಲ್ಲಿ ಹುಟ್ಟಿ ಕೆನಡಾದ ಮಾಂಟ್ರಿಯಲ್ ಸೇರಿದವರು. ಹೊಸ ಹಾರ್ಮೋನ್ ಒಂದು ಸಿಗಬಹುದು ಅನ್ನೋ ಆಸೆಯಿಂದ ಇಲಿಗಳಿಗೆ ಅಂಡಾಶಯದ ಸಾರ ಚುಚ್ಚುತ್ತಿದ್ದರು. ಕೊಯ್ದು ನೋಡಿದ್ರೆ ಅಡ್ರಿನಲ್ ಗ್ರಂಥಿ ದಪ್ಪ ಆಗಿದೆ, ಥೈಮಸ್ ಕುಗ್ಗಿದೆ, ಹೊಟ್ಟೇಲಿ ಹುಣ್ಣು. ಖುಷಿಯೋ ಖುಷಿ! ಆಮೇಲೆ ಫಾರ್ಮಲಿನ್ ಚುಚ್ಚಿ ನೋಡಿದರು, ಅದೇ ಮೂರು ಬದಲಾವಣೆ. ಚಳೀಲಿಟ್ಟರೂ ಅದೇ, ವಿಪರೀತ ಓಡಿಸಿದರೂ ಅದೇ. ಹೊಸ ಹಾರ್ಮೋನ್ ಆಸೆ ಮಣ್ಣುಪಾಲಾಯ್ತು, ಆದ್ರೆ ಅದಕ್ಕಿಂತ ದೊಡ್ಡದು ಸಿಕ್ತು: ಪೆಟ್ಟು ಯಾವುದೇ ಇರಲಿ, ದೇಹ ಕೊಡೋ ಉತ್ತರ ಒಂದೇ ಥರ. 1936ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನ ಒಂದು ಪುಟ್ಟ ಪತ್ರವಾಗಿ ಬರೆದರು. ತಮಾಷೆ ಅಂದ್ರೆ ಆ ಪತ್ರದ ತಲೆಬರಹದಲ್ಲಿ 'ಸ್ಟ್ರೆಸ್' ಅನ್ನೋ ಪದವೇ ಇಲ್ಲ.

(2/4)
ಈಗ ನಿಜವಾದ ಪತ್ತೇದಾರಿ ಭಾಗಕ್ಕೆ ಬರೋಣ.

1950ರ ದಶಕ, ಷಿಕಾಗೊದ ಮೈಕಲ್ ರೀಸ್ ಆಸ್ಪತ್ರೆ. ಎಳವೆಯಲ್ಲಿ ಪೆಟ್ಟು ತಿಂದವರು ದೊಡ್ಡವರಾದ ಮೇಲೂ ಅದರ ಭಾರ ಹೊರುತ್ತಾರೆ ಅನ್ನೋದು ಫ್ರಾಯ್ಡ್ ಕಾಲದಿಂದ ಬಂದ ನಂಬಿಕೆ. ಸೀಮೋರ್ ಲೆವಿನ್ ಅನ್ನೋ ಯುವ ಮನೋವಿಜ್ಞಾನಿ ಇದನ್ನ ಇಲಿಗಳಲ್ಲಿ ಪರೀಕ್ಷೆ ಮಾಡೋಣ ಅಂತ ಹೊರಟರು. ಮರಿಗಳನ್ನ ಮೂರು ಗುಂಪು ಮಾಡಿದರು. ಒಂದು ಗುಂಪನ್ನ ದಿನಾ ಗೂಡಿಂದ ತೆಗೆದು ಸಣ್ಣ ವಿದ್ಯುತ್ ಶಾಕ್ ಕೊಡೋದು. ಎರಡನೇದನ್ನ ಅದೇ ಪಂಜರದಲ್ಲಿ ಅಷ್ಟೇ ಹೊತ್ತು ಇಡೋದು, ಆದ್ರೆ ಶಾಕ್ ಇಲ್ಲ. ಮೂರನೇದನ್ನ ಅಮ್ಮನ ಹತ್ತಿರ ಗೂಡಲ್ಲೇ ಬಿಡೋದು, ಮುಟ್ಟೋದೇ ಇಲ್ಲ. ಶಾಕ್ ತಿಂದ ಮರಿಗಳು ದೊಡ್ಡವಾದ ಮೇಲೆ ಪುಕ್ಕಲು ಆಗಿರುತ್ತವೆ ಅಂತ ಲೆಕ್ಕಾಚಾರ.

ಆಗಿದ್ದೇ ಬೇರೆ. ಶಾಕ್ ತಿಂದವಕ್ಕೂ ಸುಮ್ಮನೆ ಕೈಯಲ್ಲಿ ಎತ್ತಿಟ್ಟವಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ, ಎರಡೂ ಚುರುಕಾಗೇ ಇದ್ದವು. ವಿಚಿತ್ರವಾಗಿ ಆಡಿದ್ದು ಮೂರನೇ ಗುಂಪು! ಯಾರೂ ತಂಟೆಗೆ ಹೋಗದೆ ಬೆಚ್ಚಗೆ ಬೆಳೆದ ಇಲಿಗಳು ಹೊಸ ಜಾಗಕ್ಕೆ ಬಿಟ್ಟರೆ ಮೂಲೇಲಿ ಮುದುಡಿ ಕೂತವು. 1957ರಲ್ಲಿ ಲೆವಿನ್ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಮರಿಯಾಗಿದ್ದಾಗ ಮುಟ್ಟದೇ ಬಿಟ್ಟ ಇಲಿಗಳಿಗೆ ದೊಡ್ಡವಾದ ಮೇಲೆ ಒತ್ತಡ ಕೊಟ್ಟರೆ, ಅವುಗಳ ಅಡ್ರಿನಲ್ ಗ್ರಂಥಿ ಉಳಿದವುಗಳಿಗಿಂತ ಹೆಚ್ಚು ಊದುತ್ತಿತ್ತು.

ಹೋಲಿಕೆಗೆ ಅಂತ ಇಟ್ಟ ಗುಂಪೇ ಸುದ್ದಿಯಾಗಿಬಿಡ್ತು. ನನಗೆ ಲೆವಿನ್ ಇಷ್ಟ ಆಗೋದು ಇಲ್ಲೇ. ಕಂಟ್ರೋಲ್ ಗುಂಪು 'ಸರಿಯಾಗಿ' ನಡ್ಕೊಳ್ಳಲಿಲ್ಲ ಅಂತ ಪ್ರಯೋಗವನ್ನ ಕಸದಬುಟ್ಟಿಗೆ ಹಾಕಬಹುದಿತ್ತು. ಹಾಕಲಿಲ್ಲ.

ಇದನ್ನ ಓದಿದ ಕೆಲವರು 'ಹಾಗಾದ್ರೆ ಮಕ್ಕಳಿಗೆ ಸ್ವಲ್ಪ ಕಷ್ಟ ಕೊಟ್ರೆ ಗಟ್ಟಿ ಆಗ್ತಾರೆ' ಅಂತ ಅರ್ಥ ಮಾಡ್ಕೊಂಡರು. ಈಗಲೂ ಆ ಮಾತು ಕೇಳ್ತೀವಿ, ಅಲ್ವಾ? ಆದ್ರೆ ಅದು ಸರಿಯಾದ ಉತ್ತರ ಅಲ್ಲ. ಮರಿಯನ್ನ ಹದಿನೈದು ನಿಮಿಷ ದೂರ ಇಟ್ಟರೆ ಒಳ್ಳೇದಾಗುತ್ತೆ, ದಿನಾ ಮೂರು ಗಂಟೆ ದೂರ ಇಟ್ಟರೆ ಉಲ್ಟಾ ಹೊಡೆಯುತ್ತೆ. ಹಾಗಾದ್ರೆ ಆ ಹದಿನೈದು ನಿಮಿಷದಲ್ಲಿ ಏನಾಗ್ತಿತ್ತು?

(3/4)
ಆ ಹದಿನೈದು ನಿಮಿಷದಲ್ಲಿ ಅಲ್ಲ, ಅದು ಮುಗಿದ ಮೇಲೆ ಆಗ್ತಿತ್ತು. ವಾಪಸ್ ಬಂದ ಮರಿಗಳನ್ನ ಅಮ್ಮ ಇಲಿ ಎಳ್ಕೊಂಡು ಮಾಮೂಲಿಗಿಂತ ಹೆಚ್ಚು ನೆಕ್ಕುತ್ತಿತ್ತು. ಎಲ್ಲರೂ ಮರೀನೇ ನೋಡ್ತಿದ್ದರು, ಅಮ್ಮನ್ನ ನೋಡಿರಲಿಲ್ಲ. 1970ರ ದಶಕದಲ್ಲಿ ಲೆವಿನ್ ಅವರೇ ಇದು ತಾಯಿ ಮೂಲಕ ನಡೆಯೋ ಪರಿಣಾಮ ಇರಬಹುದು ಅಂದರು. ಅದನ್ನ ಗಟ್ಟಿ ಮಾಡಿದ್ದು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕಲ್ ಮೀನಿ ತಂಡ. ಸೆಲ್ಯೆ 1936ರ ಪತ್ರ ಬರೆದಿದ್ದೂ ಅಲ್ಲಿಂದಲೇ.

ಮೀನಿ ತಂಡ ಮರಿಗಳನ್ನ ಮುಟ್ಟೋದನ್ನೇ ಬಿಟ್ಟು, ಹೆರಿಗೆ ಆದ ಮೊದಲ ಹತ್ತು ದಿನ ಅಮ್ಮಂದಿರನ್ನ ನೋಡ್ತಾ ಕೂತರು. ಕೆಲವು ಅಮ್ಮಂದಿರು ಸಹಜವಾಗೇ ಜಾಸ್ತಿ ನೆಕ್ಕುತ್ತವೆ, ಕೆಲವು ಕಮ್ಮಿ. 1997ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಇದು: ಜಾಸ್ತಿ ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಒತ್ತಡದ ಹಾರ್ಮೋನನ್ನ ಹದದಲ್ಲಿ ಇಟ್ಕೊಳ್ಳುತ್ತವೆ. ಯಾಕಂದ್ರೆ ಮಿದುಳಿನ ಹಿಪೊಕ್ಯಾಂಪಸ್ ಅನ್ನೋ ಭಾಗದಲ್ಲಿ ಆ ಹಾರ್ಮೋನನ್ನ ಗುರುತಿಸೋ ಗ್ರಾಹಕಗಳು ಅವಕ್ಕೆ ಹೆಚ್ಚು. 'ಸಾಕು, ನಿಲ್ಲಿಸು' ಅನ್ನೋ ಸಂದೇಶ ಹೋಗೋದು ಇವುಗಳಿಂದ. ನಾನು ಮೇಲೆ ಹೇಳಿದ ಬ್ರೇಕ್ ಇದೇ.

ಜೀನ್‌ನಿಂದ ಬಂದಿರಬಾರದಾ ಅಂತ ನೀವು ಕೇಳಬಹುದು. 1999ರಲ್ಲಿ ಅವರು ಹುಟ್ಟಿದ ಕೂಡಲೇ ಮರಿಗಳನ್ನ ಅದಲುಬದಲು ಮಾಡಿದರು. ಕಮ್ಮಿ ನೆಕ್ಕೋ ತಾಯಿಗೆ ಹುಟ್ಟಿ, ಜಾಸ್ತಿ ನೆಕ್ಕೋ ತಾಯಿ ಹತ್ತಿರ ಬೆಳೆದ ಹೆಣ್ಣುಮರಿ ಮುಂದೆ ತಾನೂ ಜಾಸ್ತಿ ನೆಕ್ಕೋ ತಾಯಿ ಆಯ್ತು. ನಮ್ಮ ಅಕೌಂಟ್ಸ್ ಭಾಷೇಲಿ ಹೇಳೋದಾದ್ರೆ, ಒಂದು ತಲೆಮಾರಿನ ಕ್ಲೋಸಿಂಗ್ ಬ್ಯಾಲೆನ್ಸ್ ಮುಂದಿನ ತಲೆಮಾರಿಗೆ ಓಪನಿಂಗ್ ಬ್ಯಾಲೆನ್ಸ್ ಆಗ್ತಿದೆ, ಆದ್ರೆ ಎಂಟ್ರಿ ಹಾಕಿದ್ದು ರಕ್ತ ಅಲ್ಲ, ಸಾಕಣೆ. 2004ರಲ್ಲಿ ಮೀನಿ ಮತ್ತು ಮೋಶೆ ಸಿಫ್ ಜೊತೆಗಾರರು ಆ ಎಂಟ್ರಿ ಎಲ್ಲಿದೆ ಅಂತಲೂ ತೋರಿಸಿದರು. ಗ್ರಾಹಕದ ಜೀನ್ ಪಕ್ಕದ ಡಿಎನ್‌ಎ ಮೇಲೆ ಮೀಥೈಲ್ ಅನ್ನೋ ಸಣ್ಣ ರಾಸಾಯನಿಕ ಗುರುತುಗಳಿರುತ್ತವೆ. ಕಮ್ಮಿ ನೆಕ್ಕಿಸಿಕೊಂಡ ಮರಿಗಳಲ್ಲಿ ಅವು ಹೆಚ್ಚು, ಅದರಿಂದ ಜೀನ್ ಅರ್ಧ ಮುಚ್ಚಿದ ಹಾಗೆ. ದೊಡ್ಡ ಇಲಿಗಳ ಮಿದುಳಿಗೆ ಒಂದು ಔಷಧ ಕೊಟ್ಟಾಗ ಆ ವ್ಯತ್ಯಾಸ ಅಳಿಸಿಹೋಯ್ತು. ಅಂದ್ರೆ ಅದು ಶಿಲಾಶಾಸನ ಅಲ್ಲ.

(ನಮ್ಮಜ್ಜಿಗೆ ಇದನ್ನ ಹೇಳಿದೆ. 'ಕೂಸಿಗೆ ಎಣ್ಣೆ ನೀವಿ ನೀರು ಹಾಕೋದು ಮತ್ಯಾಕೆ ಅಂದ್ಕೊಂಡೆ?' ಅಂದ್ರು. ಇಲಿಗೂ ನಮಗೂ ಹಾಗೆ ನೇರ ಗಂಟು ಹಾಕೋಕೆ ಬರಲ್ಲ. ಆದ್ರೆ 1986ರಲ್ಲಿ ಅಮೆರಿಕದ ಟಿಫನಿ ಫೀಲ್ಡ್ ತಂಡ, ದಿನ ತುಂಬದೇ ಹುಟ್ಟಿದ ಕೂಸುಗಳನ್ನ ಹತ್ತು ದಿನ, ದಿನಕ್ಕೆ ಮೂರು ಸಲ 15 ನಿಮಿಷ ನೀವಿದಾಗ ಅವುಗಳ ತೂಕ 47% ಹೆಚ್ಚು ವೇಗವಾಗಿ ಏರಿತು ಅಂತ ವರದಿ ಮಾಡಿತ್ತು. ಅಜ್ಜಿಗೆ ಇದನ್ನ ಹೇಳಿಲ್ಲ, ಹೇಳಿದ್ರೆ ಹಿಡಿಯೋಕಾಗಲ್ಲ.)

(4/4)
ಇಲ್ಲಿಗೆ ನಿಲ್ಲಿಸಿದ್ರೆ 'ಎಲ್ಲಾ ಅಮ್ಮಂದಿರ ತಪ್ಪು' ಅನ್ನೋ ಥರ ಕಾಣುತ್ತೆ. ಎಷ್ಟೋ ಜನ ಹಾಗೇ ಬರೀತಾರೆ, ನನಗೆ ಅದು ಸಿಟ್ಟು ತರಿಸುತ್ತೆ. ಅದೇ ಪ್ರಯೋಗಾಲಯದ ಇನ್ನೊಂದು ಕೆಲಸ ನೋಡಿ. ಜಾಸ್ತಿ ನೆಕ್ಕೋ ಸ್ವಭಾವದ ಇಲಿಗಳಿಗೆ ಬಸುರಿಯಲ್ಲಿ ಒತ್ತಡ ಕೊಟ್ಟರು, ಹೆರಿಗೆ ಆದ ಮೇಲೆ ಅವೂ ಕಮ್ಮಿ ನೆಕ್ಕಿದವು. ಅಮ್ಮ ಹೇಗೆ ಸಾಕ್ತಾಳೆ ಅನ್ನೋದು ಅಮ್ಮನ ಸುತ್ತ ಏನಿದೆ ಅನ್ನೋದರ ಮೇಲೆ ನಿಂತಿದೆ. ಇನ್ನೂ ಒಂದು: ಕಮ್ಮಿ ನೆಕ್ಕಿಸಿಕೊಂಡ ಇಲಿಗಳು 'ಕೆಟ್ಟ ಮಾಲು' ಅಲ್ಲ. ಹಾರ್ಮೋನ್ ಏರಿದ ಹೊತ್ತಲ್ಲಿ ಕೆಲವು ಬಗೆಯ ಕಲಿಕೆಯಲ್ಲಿ ಅವೇ ಮುಂದು. ಅಪಾಯ ಇರೋ ಜಾಗದಲ್ಲಿ ಬೇಗ ಬೆಚ್ಚಿಬೀಳೋದೂ ಒಂದು ಅನುಕೂಲ.

ಮನುಷ್ಯರಲ್ಲಿ? ಕೊನೇ ಫೋಟೊ ರೊಮೇನಿಯಾದ್ದು. 1966ರಲ್ಲಿ ಚೌಷೆಸ್ಕು ಸರ್ಕಾರ ಗರ್ಭಪಾತ ನಿಷೇಧಿಸಿತು, ಜನಸಂಖ್ಯೆ ಏರಲಿ ಅಂತ. ಬಡ ಮನೆಗಳು ಸಾಕೋಕಾಗದ ಮಕ್ಕಳನ್ನ ಸರ್ಕಾರಿ ಆಶ್ರಮಗಳಿಗೆ ಬಿಟ್ಟವು. 1989ರಲ್ಲಿ ಆ ಸರ್ಕಾರ ಬಿದ್ದಾಗ ಜಗತ್ತು ನೋಡಿದ್ದು ತೊಟ್ಟಿಲ ಸಾಲುಗಳು. ಊಟ ಇತ್ತು, ಎತ್ತಿಕೊಳ್ಳೋರು ಇರಲಿಲ್ಲ. 2000ದ ದಶಕದ ಶುರುವಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಬುಖಾರೆಸ್ಟ್‌ನಲ್ಲಿ 136 ಮಕ್ಕಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಾಕು ಮನೆ ಒದಗಿಸಿದರು. ಉಳಿದ ಮಕ್ಕಳನ್ನ ಆಶ್ರಮದಲ್ಲೇ ಬಿಟ್ಟಿದ್ದು ಸರಿಯಾ? ಈ ಪ್ರಶ್ನೆ ಓದುವಾಗ ಪ್ರತಿ ಸಲ ಕಾಡುತ್ತೆ. ಆಗ ಬುಖಾರೆಸ್ಟ್‌ನಲ್ಲಿ ಸಾಕು ಮನೆ ವ್ಯವಸ್ಥೆಯೇ ಇರಲಿಲ್ಲ ಅನ್ನುವಷ್ಟು ಕಮ್ಮಿ ಇತ್ತು, ಸಂಶೋಧಕರೇ ಅದನ್ನ ಕಟ್ಟಬೇಕಾಯ್ತು. ಆಶ್ರಮದ ಗುಂಪಿನ ಮಗುವಿಗೆ ಬೇರೆ ಕಡೆ ಮನೆ ಸಿಕ್ಕರೆ ತಡೀಬಾರದು ಅಂತ ನಿಯಮವೂ ಇತ್ತು.

ಮಕ್ಕಳಿಗೆ ಹನ್ನೆರಡರ ಆಸುಪಾಸು ಆದಾಗ, ಅಪರಿಚಿತರ ಮುಂದೆ ಭಾಷಣ ಮಾಡೋ ಥರದ ಕೆಲಸ ಕೊಟ್ಟು ಕಾರ್ಟಿಸಾಲ್ ಅಳೆದರು. 2015ರಲ್ಲಿ ವರದಿ ಬಂತು. ಆಶ್ರಮದಲ್ಲಿ ಉಳಿದ ಗುಂಪಿನಲ್ಲಿ ಅದು ಜಾಸ್ತಿ ಏರಿರಲಿಲ್ಲ, ಏರೋದೇ ಮಂಕಾಗಿತ್ತು. ಎರಡು ವರ್ಷ ತುಂಬೋದರೊಳಗೆ ಸಾಕು ಮನೆ ಸೇರಿದ ಮಕ್ಕಳಲ್ಲಿ, ಮನೆಯಲ್ಲೇ ಬೆಳೆದ ಮಕ್ಕಳ ಥರಾನೇ ಏರಿತು.

ಅಷ್ಟರಲ್ಲಿ ರೊಮೇನಿಯಾದ ಕಾನೂನು ಬದಲಾಗಿತ್ತು. 2005ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಎರಡು ವರ್ಷದೊಳಗಿನ ಮಗುವನ್ನ, ತೀವ್ರ ಅಂಗವೈಕಲ್ಯ ಇದ್ದ ಹೊರತು, ಆಶ್ರಮಕ್ಕೆ ಸೇರಿಸೋ ಹಾಗಿರಲಿಲ್ಲ.

#ವಿಜ್ಞಾನದಇತಿಹಾಸ #ಕಾರ್ಟಿಸಾಲ್ #ಕನ್ನಡದಲ್ಲಿಓದಿ