ಸಿ.ಡಿ.ಯೊಳಗಿನ ಇಸವಿ

ಕಂಪ್ಯೂಟರಿನಲ್ಲಿ ಕನ್ನಡ ಬೆಳೆದ ಚರಿತ್ರೆ ಬರೆಯುವವರು ಇಸವಿಗಳ ಜೊತೆಗೆ ವಿಂಡೋಸ್ ಆವೃತ್ತಿಗಳನ್ನೂ ಬರೆದುಕೊಳ್ಳಬೇಕು. ಅಕ್ಷರ ಪರದೆಯ ಮೇಲೆ ಮೂಡುವುದೋ ಇಲ್ಲವೋ ಎಂಬುದು ಎಷ್ಟೋ ಸಲ ಆ ಆವೃತ್ತಿಯ ಮೇಲೆ ನಿಂತಿತ್ತು. ಇದು ನನಗೆ ಮನದಟ್ಟಾದದ್ದು ವಿಲೆ ಪಾರ್ಲೆ ಪೂರ್ವದಲ್ಲಿ ಮುಚ್ಚಿಹೋದ ಒಂದು ಡಿ.ಟಿ.ಪಿ. ಅಂಗಡಿಯ ಮೂರು ಡಿಸ್ಕ್ ಇಮೇಜ್ ಕಡತಗಳಿಂದ.

ಅಂಗಡಿಯವರು ಕುಂದಾಪುರದ ಕಡೆಯವರು. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಸಂಘಗಳ ಸ್ಮರಣ ಸಂಚಿಕೆ ಎಲ್ಲ ಅವರಲ್ಲೇ ಆಗುತ್ತಿತ್ತು. 1999ರಲ್ಲಿ ರಾತ್ರಿಶಾಲೆಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ನೆನಪುಗಳನ್ನು ಅಲ್ಲಿ ಟೈಪು ಮಾಡಿಸಿದ್ದರು. ಪುಸ್ತಕ ಅಚ್ಚಾಗಲಿಲ್ಲ. 2005ರ ಜುಲೈ 26ರಂದು ಪಕ್ಕದ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ಮನೆಯಲ್ಲಿದ್ದ ಒಂದೇ ಪ್ರತಿ ನೀರುಪಾಲಾಯಿತು. ಮೇಷ್ಟ್ರು ಈಗಿಲ್ಲ. ಅವರ ಮೊಮ್ಮಗಳು ನನ್ನ ಕೈಗೆ ಕೊಟ್ಟದ್ದು ಅಂಗಡಿಯಿಂದ ಸಿಕ್ಕ ಒಂದು ಹಾರ್ಡ್ ಡಿಸ್ಕ್. ಅದರಲ್ಲಿ ಅಜ್ಜನ ಕಡತವಿತ್ತು; ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಕಾರಣ ಹಳೆಯದು. ಯುನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟದ್ದು 1991ರಲ್ಲೇ. ಆದರೆ ಅದನ್ನು ಓದಬಲ್ಲ ವಿಂಡೋಸ್ ಆಗ ಇರಲಿಲ್ಲ. ಹಾಗಾಗಿ ತಂತ್ರಾಂಶ ಮಾಡುವವರು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದರು. ಮುಂಬಯಿಯ ಟಿ.ಐ.ಎಫ್.ಆರ್.ನಲ್ಲಿ ದುಡಿದಿದ್ದ ಕೆ.ಪಿ. ರಾವ್ ಅವರ ಸೇಡಿಯಾಪು, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವೆಲ್ಲ ಆ ಕಾಲದ ಕೊಡುಗೆಗಳು. ಆದರೆ ಮಾರುಕಟ್ಟೆಯಲ್ಲಿ ಒಬ್ಬೊಬ್ಬರ ಫಾಂಟಿಗೂ ಒಂದೊಂದು ಸಂಕೇತ. ಫಾಂಟು ಇಲ್ಲದಿದ್ದರೆ ಬರೆದದ್ದೂ ಇಲ್ಲ.

ಮೇಷ್ಟ್ರ ಪುಟಗಳ ಫಾಂಟು ಅಂಗಡಿಯ ತಂತ್ರಾಂಶದೊಳಗೇ ಇತ್ತು. ಅದನ್ನು ಹಾಕುವ ಸೆಟಪ್ 16 ಬಿಟ್ಟಿನದು, ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ಏಳುವುದಿಲ್ಲ. ಜೊತೆಗಿದ್ದ ಸೂಚನೆಯ ಪ್ರಕಾರ ವಿಂಡೋಸ್ 95 ಅಥವಾ 98 ಬೇಕು. ಹಾರ್ಡ್ ಡಿಸ್ಕಿನಲ್ಲಿ ಮೂರು ಇಮೇಜುಗಳಿದ್ದವು, ಅಂದರೆ ಇಡೀ ಸಿ.ಡಿ.ಯನ್ನು ಇದ್ದದ್ದು ಇದ್ದ ಹಾಗೆ ಒಂದೇ ಕಡತವಾಗಿ ಇಳಿಸಿಕೊಂಡವು. ಹೆಸರುಗಳು: ನ್ಯೂ, ನ್ಯೂ2, ಫೈನಲ್. ಯಾವುದು ಯಾವ ವಿಂಡೋಸ್?

ಚಾಲೂ ಮಾಡದೆಯೇ ಇದನ್ನು ತಿಳಿಯಬಹುದು. ಸಿ.ಡಿ.ಯ ಬರವಣಿಗೆಗೆ 1988ರ ಐ.ಎಸ್.ಒ. 9660 ಎಂಬ ಕಟ್ಟಳೆ ಇದೆ. ಅದರಂತೆ ತಲಾ 2048 ಬೈಟಿನ ಮೊದಲ 16 ಖಾನೆಗಳು ಬೇರೆ ಬಳಕೆಗೆ ಮೀಸಲು. ಆಮೇಲೆ 'ಸಿಡಿ001' ಎಂಬ ಐದು ಅಕ್ಷರ, ಹಿಂದೆಯೇ ಡಿಸ್ಕಿನ ಹೆಸರು, ತಯಾರಾದ ತಾರೀಖು. ಕಂಪನಿಯ ಅಸಲಿ ಡಿಸ್ಕಾದರೆ ಇಷ್ಟು ಸಾಕು. ಆದರೆ ಯಾರೋ ರೈಟ್ ಮಾಡಿಕೊಟ್ಟ ನಕಲಾದರೆ ಹೆಸರೂ ತಾರೀಖೂ ನಕಲಿನವೇ. ನನ್ನ ಮೂರರಲ್ಲೂ 2004ರ ತಾರೀಖಿತ್ತು.

ಆಗ ಒಳಗಿನ ಗುರುತು ನೋಡಬೇಕು. ವಿಂಡೋಸ್ 2000ದ ಸಿ.ಡಿ.ಯಲ್ಲಿ 'ಸಿಡಿರೋಮ್_ಎನ್‌ಟಿ.5' ಎಂಬ ಪುಟ್ಟ ಕಡತವಿರುತ್ತದೆ. ಎಕ್ಸ್‌ಪಿಯಲ್ಲಿ 'ವಿನ್51'. ನಕಲು ಮಾಡಿದವರೂ ಇವನ್ನು ಅಳಿಸುವ ಹಾಗಿಲ್ಲ, ಸೆಟಪ್ ಇವನ್ನೇ ಹುಡುಕುತ್ತದೆ. ನ್ಯೂ2 ಮತ್ತು ಫೈನಲ್ ಹೀಗೆ ಗುರುತಾದವು.

ಆ ಎರಡರ ನಡುವೆ ನಮ್ಮದೊಂದು ಕಥೆಯಿದೆ. ವಿಂಡೋಸ್ 2000 ಅಂದರೆ 5.0, ಬಂದದ್ದು 2000ದ ಫೆಬ್ರವರಿಯಲ್ಲಿ. ಅದರಲ್ಲಿ ದೇವನಾಗರಿ ಇತ್ತು, ತಮಿಳು ಇತ್ತು, ಕನ್ನಡ ಇರಲಿಲ್ಲ. ಎಕ್ಸ್‌ಪಿ ಅಂದರೆ 5.1, 2001ರ ಅಕ್ಟೋಬರಿನದು. ತುಂಗಾ ಫಾಂಟಿನೊಂದಿಗೆ ಕನ್ನಡ ಬಂದದ್ದು ಅದರಲ್ಲಿ. ಪಾರ್ಲೆಯ ಮರಾಠಿ ನೆರೆಯವರಿಗೆ ಸಿಕ್ಕಿದ್ದು ನಮಗೆ ಸಿಗಲು ಇಪ್ಪತ್ತು ತಿಂಗಳು ಹಿಡಿಯಿತು. ಮಲಯಾಳ, ಬಂಗಾಳಿಗಳು 2004ರ ಎರಡನೇ ಸರ್ವಿಸ್ ಪ್ಯಾಕಿನವರೆಗೆ ಕಾದವು. ಚುಕ್ಕಿಯ ಮುಂದಿನ ಒಂದು ಅಂಕೆ ನಮಗೆ ಅಷ್ಟು ದೊಡ್ಡದಾಗಿತ್ತು.

ಉಳಿದ 'ನ್ಯೂ'ವಿನಲ್ಲಿ 'ವಿನ್98' ಎಂಬ ಫೋಲ್ಡರ್ ಇತ್ತು. ಅದು ಮೊದಲ ಆವೃತ್ತಿಯೋ ಎರಡನೆಯದೋ? ಮೈಕ್ರೋಸಾಫ್ಟಿನವರು ಕಡತಗಳ ಗಂಟೆ-ನಿಮಿಷದಲ್ಲೇ ಸಂಖ್ಯೆ ಅಡಗಿಸಿಡುತ್ತಿದ್ದರು. 950ನೆಯ ಬಿಲ್ಡ್ ಆದ ವಿಂಡೋಸ್ 95ರ ಕಡತಗಳಿಗೆ 9:50ರ ಸಮಯ. 98ರ ಎರಡನೇ ಆವೃತ್ತಿಯ ಸಂಖ್ಯೆ 4.10.2222, ಅದರ ಕಡತಗಳಿಗೆ 1999ರ ಏಪ್ರಿಲ್ 23, ರಾತ್ರಿ 10:22, ಅಂದರೆ 22:22. ನನ್ನೆದುರಿನ ಸಾಲು ಸಾಲು ಕಡತಗಳಲ್ಲೂ ಅದೇ ಸಮಯ.

ಅದನ್ನು ವರ್ಚುವಲ್ ಯಂತ್ರದಲ್ಲಿ ಹಾಕಿದೆ. ತಂತ್ರಾಂಶ ಎದ್ದಿತು, ಫಾಂಟು ಕೂತಿತು, ಮೇಷ್ಟ್ರ 84 ಪುಟ ಕನ್ನಡವಾಯಿತು. ಹೋಟೆಲಿನಲ್ಲಿ ದಿನವಿಡೀ ತಟ್ಟೆ ತೊಳೆದು ರಾತ್ರಿ ಬೆಂಚಿನ ಮೇಲೆ ನಿದ್ದೆಹೋಗುತ್ತಿದ್ದ ಹುಡುಗರನ್ನು ಅವರು ಎಬ್ಬಿಸುತ್ತಿರಲಿಲ್ಲವಂತೆ; ಅಂದಿನ ಪಾಠವನ್ನು ಅವರ ಪುಸ್ತಕದಲ್ಲಿ ತಾವೇ ಬರೆದಿಡುತ್ತಿದ್ದರಂತೆ. ಒತ್ತಕ್ಷರಗಳನ್ನು ಕೈಯಲ್ಲಿ ತಿದ್ದುತ್ತ ಎಲ್ಲವನ್ನೂ ಯುನಿಕೋಡಿಗೆ ತಂದೆ. ಮೊಮ್ಮಗಳು ಈಗ ಮೊಬೈಲಿನಲ್ಲೇ ಓದುತ್ತಾಳೆ.

ಈ ಊರಿನ ಸಂಘಗಳ ಕಪಾಟುಗಳಲ್ಲಿ ಇಂಥ ಸಿ.ಡಿ.ಗಳು ಇನ್ನೂ ಇರಬಹುದು. ರೈಟ್ ಮಾಡಿದ ಸಿ.ಡಿ.ಯ ಬಣ್ಣದ ಪದರ ವರ್ಷ ಕಳೆದಂತೆ ಕೆಡುತ್ತದೆ. ಬರಹದ ಕಡತವನ್ನಷ್ಟೇ ಉಳಿಸಿ ಕೈತೊಳೆದುಕೊಳ್ಳಬೇಡಿ. ಜೊತೆಗಿದ್ದ ಫಾಂಟು, ತಂತ್ರಾಂಶ, ವಿಂಡೋಸಿನ ಸಿ.ಡಿ. ಎಲ್ಲವನ್ನೂ ಇಳಿಸಿಕೊಳ್ಳಿ. ಕಡತಕ್ಕೆ 'ಫೈನಲ್' ಎಂದಲ್ಲ, ಒಳಗಿರುವುದರ ಹೆಸರನ್ನೇ ಇಡಿ.